ಹೆಸರಿನೊಳಗಿನ ನಾಡು: ಬೀಳಗಿಯ ಕರ್ನಾಟಕಿ ಸಹೋದರಿಯರು ಮತ್ತು ಕಲಾವಿದೆಯ ಋಣದ ಪ್ರಶ್ನೆ

೧. ಪ್ರವೇಶ

ಕಲಾವಿದರ ಬದುಕನ್ನು ಕುರಿತ ಬರಹಗಳಲ್ಲಿ ಮೂರು ಸಂಗತಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಲಾವಿದ ಎಲ್ಲಿಂದ ಬಂದ ಎಂಬುದು ಮೊದಲನೆಯದು; ವೃತ್ತಿಯಲ್ಲಿ ಏನನ್ನು ಗಳಿಸಿದ ಎಂಬುದು ಎರಡನೆಯದು; ಗಳಿಸಿದ್ದರಲ್ಲಿ ಹುಟ್ಟಿದ ನೆಲಕ್ಕೆ ಏನನ್ನು ಮರಳಿಸಿದ ಎಂಬುದು ಮೂರನೆಯದು. ಪರಂಪರೆ, ವೃತ್ತಿ ಮತ್ತು ಋಣ ಎಂದು ಇವನ್ನು ಕರೆಯಬಹುದು. ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಈ ಮೂರನ್ನೂ ಬಹುಮಟ್ಟಿಗೆ ಪುರುಷ ಕಲಾವಿದರನ್ನು, ಅದರಲ್ಲೂ ಕಂಪನಿಯ ಮಾಲೀಕರನ್ನು ಹಾಗೂ ನಾಟಕಕಾರರನ್ನು ಕೇಂದ್ರದಲ್ಲಿರಿಸಿಕೊಂಡು ಚರ್ಚಿಸಲಾಗಿದೆ. ಹುಟ್ಟಿದ ಸೀಮೆಯನ್ನು ಬಿಟ್ಟು, ಬೇರೊಂದು ಭಾಷೆಯ ರಂಗದಲ್ಲಿ ಹಾಗೂ ಚಿತ್ರರಂಗದಲ್ಲಿ ಬಾಳಿದ ಕಲಾವಿದೆಯರ ವಿಷಯದಲ್ಲಿ ಈ ಪ್ರಶ್ನೆಗಳು ಕೇಳಿಬಂದದ್ದು ಕಡಿಮೆ.

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಹೊರಟು ಮರಾಠಿ ರಂಗಭೂಮಿಯಲ್ಲಿ ಗೋಹರಬಾಯಿಯೂ ಹಿಂದಿ ಚಿತ್ರರಂಗದಲ್ಲಿ ಅಮೀರಬಾಯಿಯೂ ಪಡೆದ ಸ್ಥಾನ ಈ ದೃಷ್ಟಿಯಿಂದ ಗಮನಾರ್ಹವಾದುದು. ಈ ಇಬ್ಬರು ಸಹೋದರಿಯರೂ ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂಬ ಪದವನ್ನು ಹೊತ್ತು ನಡೆದರು. ಪ್ರಸ್ತುತ ಲೇಖನದಲ್ಲಿ ಆ ಒಂದು ಪದವನ್ನು ಮುಖ್ಯ ಆಕರವಾಗಿ ಇಟ್ಟುಕೊಂಡು, ಅದು ಯಾವ ಪರಂಪರೆಯಿಂದ ಬಂದಿತು, ವೃತ್ತಿಯಲ್ಲಿ ಯಾವ ಕೆಲಸ ಮಾಡಿತು ಮತ್ತು ಕನ್ನಡಕ್ಕೆ ಅದರ ಮೂಲಕ ಸಂದದ್ದು ಏನು ಎಂಬುದನ್ನು ಪರಿಶೀಲಿಸಲು ಯತ್ನಿಸಲಾಗಿದೆ. ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ರಂಗಪರಂಪರೆಯನ್ನು ಈ ಚರ್ಚೆಗೆ ಹಿನ್ನೆಲೆಯಾಗಿ ಬಳಸಿಕೊಳ್ಳಲಾಗಿದೆ.

೨. ಸೀಮೆ ಮತ್ತು ರಂಗ

ಬಾಗಲಕೋಟೆ ಜಿಲ್ಲೆ ೧೯೯೭ರ ಆಗಸ್ಟ್ ೧೫ರಂದು ಹಳೆಯ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ಆದರೆ ರಂಗಭೂಮಿಯ ದೃಷ್ಟಿಯಿಂದ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನಡುವಣ ಈ ಪ್ರದೇಶಕ್ಕೆ ಆಡಳಿತದ ಗಡಿಗಳಿಗಿಂತ ಹಳೆಯದಾದ ಒಂದು ಏಕತೆಯಿದೆ. ಶ್ರೀಕೃಷ್ಣ ಪಾರಿಜಾತ, ಗೀಗೀಪದ, ಲಾವಣಿ, ಭಜನೆ ಮುಂತಾದ ಹಾಡುಗಾರಿಕೆಯೇ ಪ್ರಧಾನವಾದ ಪ್ರಕಾರಗಳು ಇಲ್ಲಿನ ಊರೂರುಗಳಲ್ಲಿ ಬೇರುಬಿಟ್ಟಿವೆ. ಇಳಕಲ್ಲಿನ ಸೀರೆ ಮತ್ತು ಗುಳೇದಗುಡ್ಡದ ಖಣ ನೇಯುವ ನೇಕಾರರು, ಎರೆಹೊಲದ ಜೋಳದ ಒಕ್ಕಲಿಗರು, ವಾರದ ಸಂತೆಗೆ ಬರುವ ವ್ಯಾಪಾರಿಗಳು ಈ ಕಲೆಗಳ ಪ್ರೇಕ್ಷಕರಾಗಿ ಬೆಳೆದರು. ಹಾಡನ್ನು ಬಲ್ಲ ಪ್ರೇಕ್ಷಕ ಸಮುದಾಯವಿದ್ದ ಕಾರಣ ವೃತ್ತಿನಾಟಕ ಕಂಪನಿಗಳಿಗೆ ಈ ಸೀಮೆ ಭದ್ರವಾದ ನೆಲೆಯಾಯಿತು.

ಬಾದಾಮಿಯ ಸಮೀಪದ ಬನಶಂಕರಿ ಜಾತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಪುಷ್ಯಮಾಸದ ಬನದ ಹುಣ್ಣಿಮೆಯಂದು ತೇರು ಸಾಗಿದ ಬಳಿಕ ವಾರಗಳ ಕಾಲ ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಬಿಡಾರ ಹೂಡುತ್ತವೆ. ಒಂದೇ ರಾತ್ರಿ ಹಲವು ತಂಬುಗಳಲ್ಲಿ ಹಲವು ನಾಟಕಗಳು ನಡೆಯುತ್ತವೆ. ಕೊನೆಯ ಆಟ ಮುಗಿಯುವ ವೇಳೆಗೆ ಬೆಳಗಾಗುವುದೂ ಉಂಟು. ಅನೇಕ ಕಂಪನಿಗಳು ವರ್ಷದ ಸಾಲವನ್ನು ತೀರಿಸಿಕೊಳ್ಳುವುದು ಈ ಜಾತ್ರೆಯ ಗಳಿಕೆಯಿಂದ. ಬೇರೆ ಕಡೆ ವೃತ್ತಿರಂಗಭೂಮಿ ಸೊರಗಿದ ಮೇಲೂ ಇಲ್ಲಿ ಅದು ಉಳಿದಿರುವುದಕ್ಕೆ ಕಲಾಪೋಷಣೆಯ ಅಮೂರ್ತ ಭಾವನೆಯಷ್ಟೇ ಕಾರಣವಲ್ಲ. ಜಾತ್ರೆಯ ಅರ್ಥವ್ಯವಸ್ಥೆಯೂ ಕಾರಣ ಎಂಬುದನ್ನು ಮರೆಯಲಾಗದು.

ಈ ಸೀಮೆ ವೃತ್ತಿರಂಗಭೂಮಿಗೆ ನಾಟಕಕಾರರನ್ನೂ ಕೊಟ್ಟಿತು. ಅಂದಿನ ಹುನಗುಂದ ತಾಲ್ಲೂಕಿನ ಕಂದಗಲ್ಲಿನಲ್ಲಿ ೧೮೯೬ರಲ್ಲಿ ಜನಿಸಿದ ಹನುಮಂತರಾಯರು ‘ರಕ್ತರಾತ್ರಿ’, ‘ಅಕ್ಷಯಾಂಬರ’, ‘ಕುರುಕ್ಷೇತ್ರ’, ‘ಬಾಣಸಿಗ ಭೀಮ’, ‘ಚಿತ್ರಾಂಗದಾ’ ಮುಂತಾದ ನಾಟಕಗಳ ಮೂಲಕ ಮಹಾಭಾರತವನ್ನು ಕಂಪನಿ ರಂಗಮಂಚಕ್ಕೆ ತಂದರು. ಅವರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಕರೆಯುವ ವಾಡಿಕೆಯಿದೆ. ‘ರಕ್ತರಾತ್ರಿ’ಯ ಶಕುನಿಯ ಪಾತ್ರ ಮಾಡಲು ಉತ್ತರ ಕರ್ನಾಟಕದ ಹವ್ಯಾಸಿ ನಟರು ಇಂದಿಗೂ ಪೈಪೋಟಿ ನಡೆಸುತ್ತಾರೆ. ಅದೇ ತಾಲ್ಲೂಕಿನ ಸೂಳೇಬಾವಿಯ ಪಿ. ಬಿ. ಧುತ್ತರಗಿಯವರು ಸಾಮಾಜಿಕ ನಾಟಕಗಳಲ್ಲಿ ಹೆಸರಾದರು. ಅವರ ‘ಸಂಪತ್ತಿಗೆ ಸವಾಲ್’ ೧೯೭೪ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಗಿ ನಾಡಿನಾದ್ಯಂತ ತಲುಪಿತು. ಬೀಳಗಿಯ ಸಹೋದರಿಯರನ್ನು ಈ ಪರಿಸರದಿಂದ ಬೇರ್ಪಡಿಸಿ, ಎಲ್ಲಿಂದಲೋ ಮುಂಬಯಿಯಲ್ಲಿ ಉದಿಸಿದ ತಾರೆಯರಂತೆ ಕಾಣುವುದು ಸರಿಯಾಗಲಾರದು. ಹಾಡು ಬಲ್ಲ ಸೀಮೆಯೊಂದರ ಹಾಡುವ ಮನೆತನದಿಂದ ಅವರು ಬಂದವರು. ಐವರು ಸಹೋದರಿಯರಲ್ಲಿ ಗೋಹರಬಾಯಿ ಹಿರಿಯರು. ಅಮೀರಬಾಯಿ ಅವರಿಗಿಂತ ಕಿರಿಯರು.

೩. ಊರ ಹೆಸರು, ನಾಡ ಹೆಸರು

ವೃತ್ತಿರಂಗಭೂಮಿಯಲ್ಲಿ ಊರ ಹೆಸರೇ ಕಲಾವಿದರ ಮನೆಹೆಸರಾಗುವುದು ಸಾಮಾನ್ಯ. ಕೆಲವರಲ್ಲಿ ಅದು ಮುಂದೆ ಬರುತ್ತದೆ: ಗುಬ್ಬಿ ವೀರಣ್ಣ, ಏಣಗಿ ಬಾಳಪ್ಪ, ಕಂದಗಲ್ ಹನುಮಂತರಾಯ, ಕೌಜಲಗಿ ನಿಂಗಮ್ಮ. ಕೆಲವರಲ್ಲಿ ಹಿಂದೆ ಬರುತ್ತದೆ: ಗಂಗೂಬಾಯಿ ಗುಳೇದಗುಡ್ಡ, ಪ್ರೇಮಾ ಗುಳೇದಗುಡ್ಡ, ಉಮಾರಾಣಿ ಇಳಕಲ್. ಶಿರಹಟ್ಟಿ, ಕೊಣ್ಣೂರು ಮುಂತಾಗಿ ಕಂಪನಿಗಳೂ ಊರ ಹೆಸರಿನಿಂದಲೇ ಪರಿಚಿತವಾದವು. ತಿರುಗಾಟದ ವೃತ್ತಿಯಲ್ಲಿ ಊರ ಹೆಸರು ಒಂದು ಬಗೆಯ ವಿಳಾಸ. ಇಂದು ಗದಗಿನಲ್ಲಿ, ನಾಳೆ ಸೊಲ್ಲಾಪುರದಲ್ಲಿ ಇರುವ ನಟನಿಗೆ ಮರಳಬಹುದಾದ ನೆಲವೊಂದಿದೆ ಎಂಬುದನ್ನು ಅದು ಸಾರುತ್ತದೆ.

ಆದರೆ ಪುರುಷರ ಹೆಸರಿನಲ್ಲಿ ಊರು ಮಾಡುವ ಕೆಲಸಕ್ಕೂ ಸ್ತ್ರೀಯರ ಹೆಸರಿನಲ್ಲಿ ಅದು ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ. ಪುರುಷ ಕಲಾವಿದನಿಗೆ ಊರ ಹೆಸರು ತಂದೆಯ ಹೆಸರಿನ ಜೊತೆಗೆ ಬರುವ ಹೆಚ್ಚಿನ ಗುರುತು. ಹಾಡುವ ಮನೆತನಗಳಿಂದ ಬಂದ ಸ್ತ್ರೀಯರಿಗಾದರೋ ಅದು ತಂದೆಯ ಅಥವಾ ಗಂಡನ ಹೆಸರು ಇರಬೇಕಾದ ಸ್ಥಳವನ್ನೇ ತುಂಬುತ್ತದೆ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರು ‘ಹಾನಗಲ್’ ಆದದ್ದು ತಾಯಿಯ ಕಡೆಯ ಊರಿನಿಂದ. ಆರಂಭದ ಧ್ವನಿಮುದ್ರಿಕೆಗಳಲ್ಲಿ ಅವರ ಹೆಸರು ‘ಗಾಂಧಾರಿ ಹುಬ್ಳಿ’ ಎಂದಿತ್ತು. ಧ್ವನಿಮುದ್ರಿಕೆಯ ಕಂಪನಿ ಕೊಟ್ಟ ಹೆಸರು ಮರೆಯಾಗಿ, ತಾಯಿಯ ಊರಿನ ಹೆಸರು ಉಳಿಯಿತು. ಕುಲದ ಕಾರಣದಿಂದ ಕೀಳಾಗಿ ಕಾಣಲ್ಪಡುತ್ತಿದ್ದ ಗಾಯಕಿಯರಿಗೆ ಊರ ಹೆಸರು ಅವಮಾನದಿಂದ ಪಾರಾಗುವ ದಾರಿಯೂ ಆಗಿತ್ತು, ಸ್ವಂತ ಪರಂಪರೆಯನ್ನು ಬಿಡದೆ ನಿಲ್ಲುವ ನೆಲೆಯೂ ಆಗಿತ್ತು.

ಈ ವಾಡಿಕೆಯ ಪ್ರಕಾರ ಗೋಹರ ಮತ್ತು ಅಮೀರ ಸಹೋದರಿಯರು ‘ಬೀಳಗಿ’ ಆಗಬೇಕಿತ್ತು. ಅವರು ಆದದ್ದು ‘ಕರ್ನಾಟಕಿ’. ಊರನ್ನು ಬಿಟ್ಟಷ್ಟು ದೂರ ಹೆಸರು ಹಿರಿದಾಗುತ್ತದೆ ಎಂಬುದು ಇದಕ್ಕೆ ಒಂದು ವಿವರಣೆ. ಹುಬ್ಬಳ್ಳಿಯ ಪ್ರೇಕ್ಷಕನಿಗೆ ಗುಳೇದಗುಡ್ಡ ಎಂದರೆ ತಿಳಿಯುತ್ತದೆ. ಪುಣೆ, ಮುಂಬಯಿಗಳ ಪ್ರೇಕ್ಷಕನಿಗೆ ಬೀಳಗಿ ತಿಳಿಯದು. ಅಲ್ಲಿ ಇಡೀ ಪ್ರದೇಶವೇ ಊರಿನ ಸ್ಥಾನಕ್ಕೆ ಬರುತ್ತದೆ. ಹಾಗೆಂದು ಈ ಹೆಸರನ್ನು ಕೇವಲ ಅನುಕೂಲದ ಗುರುತು ಎಂದು ಬಿಡುವಂತಿಲ್ಲ. ಮರಾಠಿ ರಂಗಭೂಮಿಯಲ್ಲಿ ‘ಕರ್ನಾಟಕಿ’ ಎಂಬ ಪದಕ್ಕೆ ಮೊದಲೇ ಒಂದು ಚರಿತ್ರೆಯಿತ್ತು. ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ನಾಟಕಕ್ಕೆ ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವೇ ಪ್ರೇರಣೆಯಾಗಿತ್ತು. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅಲ್ಲಿನ ರಂಗಗೀತೆಗಳಲ್ಲಿ ‘ಕರ್ನಾಟಕಿ ಚಾಲ್’ ಎಂದು ಗುರುತಿಸಲಾಗುವ ಮಟ್ಟುಗಳಿವೆ. ಆದ್ದರಿಂದ ಪುಣೆ, ಮುಂಬಯಿಗಳ ರಸಿಕರಿಗೆ ‘ಕರ್ನಾಟಕಿ’ ಎಂಬ ಪದ ಹೊರಗಿನವಳು ಎಂಬುದನ್ನು ಸೂಚಿಸುವಾಗಲೇ ಹಾಡಿನ ಒಂದು ಬನಿಯನ್ನೂ ಸೂಚಿಸುತ್ತಿತ್ತು. ಹೊರಗಿನವಳೆಂಬ ಗುರುತನ್ನೇ ಕಲಾವಿದೆ ತನ್ನ ಬಂಡವಾಳವನ್ನಾಗಿ ಮಾಡಿಕೊಳ್ಳಲು ಇಲ್ಲಿ ಎಡೆಯಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಹೆಸರು ಧ್ವನಿಮುದ್ರಿಕೆಗಳ ಮೇಲೂ ಚಲನಚಿತ್ರಗಳಲ್ಲಿಯೂ ಹರಡುತ್ತಿದ್ದ ೧೯೩೦, ೧೯೪೦ರ ದಶಕಗಳಲ್ಲಿ ‘ಕರ್ನಾಟಕ’ ಎಂಬ ರಾಜ್ಯ ಭೂಪಟದಲ್ಲಿ ಇರಲಿಲ್ಲ. ಬೀಳಗಿ ಮುಂಬಯಿ ಪ್ರಾಂತಕ್ಕೆ ಸೇರಿದ ವಿಜಾಪುರ ಜಿಲ್ಲೆಯಲ್ಲಿತ್ತು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ (೧೮೯೦), ಆರಂಭದಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಎಂಬ ಹೆಸರಿದ್ದ ಇಂದಿನ ಕನ್ನಡ ಸಾಹಿತ್ಯ ಪರಿಷತ್ತು (೧೯೧೫), ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ (೧೯೧೭), ಹುಯಿಲಗೋಳ ನಾರಾಯಣರಾಯರ ಗೀತೆ ಮೊಳಗಿದ ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ – ಇವೆಲ್ಲ ಆ ಹೆಸರನ್ನು ಓದುಬರಹ ಬಲ್ಲವರ ಮನಸ್ಸಿನಲ್ಲಿ ಊರಿಸುತ್ತಿದ್ದ ಕಾಲವದು. ೧೯೫೬ರಲ್ಲಿ ಏಕೀಕರಣವಾದಾಗಲೂ ರಾಜ್ಯಕ್ಕೆ ಬಂದ ಹೆಸರು ಮೈಸೂರು. ‘ಕರ್ನಾಟಕ’ ಎಂಬ ಹೆಸರು ಅಧಿಕೃತವಾದದ್ದು ೧೯೭೩ರ ನವೆಂಬರ್ ೧ರಂದು. ಅಮೀರಬಾಯಿ ತೀರಿಕೊಂಡದ್ದು ೧೯೬೫ರಲ್ಲಿ. ಅಂದರೆ ಯಾವ ನಾಡನ್ನು ತಮ್ಮ ಹೆಸರಿನಲ್ಲಿ ಹೊತ್ತು ಅವರು ಭಾರತದ ಉದ್ದಗಲಕ್ಕೂ ಪರಿಚಿತರಾದರೋ ಆ ಹೆಸರಿನ ರಾಜ್ಯವನ್ನು ಅವರು ಕಾಣಲೇ ಇಲ್ಲ. ಏಕೀಕರಣದ ಚರಿತ್ರೆಯಲ್ಲಿ ಸಂಘಗಳ, ಪತ್ರಿಕೆಗಳ, ಭಾಷಣಗಳ ಪಾತ್ರವನ್ನು ದಾಖಲಿಸಲಾಗಿದೆ. ಬೀಳಗಿಯ ಇಬ್ಬರು ಮುಸ್ಲಿಂ ಕಲಾವಿದೆಯರು ಗ್ರಾಮಫೋನ್ ತಟ್ಟೆಗಳ ಮೂಲಕ ಆ ಹೆಸರನ್ನು ಓದುಬರಹ ಬಾರದವರ ಮನೆಗೂ ಮುಟ್ಟಿಸಿದ ಸಂಗತಿ ಆ ಚರಿತ್ರೆಯಲ್ಲಿ ಸೇರಬೇಕಾಗಿದೆ. ಅವರು ಚಳುವಳಿಯ ಉದ್ದೇಶದಿಂದ ಹಾಗೆ ಮಾಡಿದರು ಎಂಬುದು ಇಲ್ಲಿನ ವಾದವಲ್ಲ. ಉದ್ದೇಶವಿಲ್ಲದೆಯೂ ಹೆಸರು ತನ್ನ ಕೆಲಸವನ್ನು ಮಾಡುತ್ತದೆ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದುದು.

೪. ವೃತ್ತಿಯ ದಾರಿ

ಗೋಹರಬಾಯಿ ಚಿತ್ರರಂಗದಿಂದ ಮರಾಠಿ ರಂಗಭೂಮಿಗೆ ಹೊರಳಿದರು. ೧೯೩೦ರ ದಶಕದ ಕೊನೆಯಲ್ಲಿ ಅವರು ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯನ್ನು ಸೇರಿದಾಗ ಆ ರಂಗಭೂಮಿ ಒಂದು ಸಂಧಿಕಾಲದಲ್ಲಿತ್ತು. ೧೯೦೫ರಲ್ಲಿ ಕಿರ್ಲೋಸ್ಕರ ಮಂಡಳಿಯ ಮೂಲಕ ರಂಗ ಪ್ರವೇಶಿಸಿದ ಬಾಲಗಂಧರ್ವರು ಸ್ತ್ರೀಪಾತ್ರಗಳಿಗೆ ಹೊಸ ಮಾದರಿಯನ್ನೇ ನಿರ್ಮಿಸಿದ್ದರು. ಗೃಹಿಣಿಯರು ಅವರ ಸೀರೆ, ಮುಡಿಗಳನ್ನು ಅನುಕರಿಸುತ್ತಿದ್ದ ಕಾಲವೊಂದಿತ್ತು. ವಯಸ್ಸು ಮೀರಿ ಕಂಪನಿ ಸಾಲದಲ್ಲಿ ಸಿಲುಕಿದಾಗ, ಅವರು ವರ್ಷಗಟ್ಟಲೆ ಮಾಡಿದ ಪಾತ್ರಗಳ ಜಾಗಕ್ಕೆ ಒಬ್ಬ ಸ್ತ್ರೀ ಬಂದು ನಿಂತಳು. ಅವಳು ಮರಾಠಿಯವಳಲ್ಲ, ಹಿಂದೂ ಅಲ್ಲ, ಕರ್ನಾಟಕಿ. ಮುಂದೆ ಇಬ್ಬರೂ ವಿವಾಹವಾದರು. ಮರಾಠಿ ರಂಗಸ್ಮರಣೆಯಲ್ಲಿ ಗೋಹರಬಾಯಿ ಬಹುಕಾಲ ಬಾಲಗಂಧರ್ವರ ಅವನತಿಯ ಕಥೆಯ ಒಂದು ಅಧ್ಯಾಯವಾಗಿ ಮಾತ್ರ ಕಾಣಿಸಿಕೊಂಡರು. ಗಂಡು ನಟನೊಬ್ಬ ಹೆಣ್ಣಾಗಿ ನಟಿಸುವುದನ್ನು ಕಲೆಯೆಂದು ಮೆಚ್ಚಿದ ಸಮಾಜವು ಹೆಣ್ಣೇ ಆ ಜಾಗಕ್ಕೆ ಬಂದಾಗ ಅದನ್ನು ಅತಿಕ್ರಮಣವೆಂದು ಕಂಡದ್ದು ಅಧ್ಯಯನಯೋಗ್ಯವಾದ ಸಂಗತಿ. ‘ಕರ್ನಾಟಕಿ’ ಎಂಬ ಪದದ ಹೊರಗಿನವಳು ಎಂಬ ಅರ್ಥವೇ ಇಲ್ಲಿ ಮೇಲುಗೈ ಪಡೆಯಿತು.

ಅಮೀರಬಾಯಿಯವರ ದಾರಿ ಬೇರೆಯಾಯಿತು. ೧೯೩೪ರ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ಅವರು ಹಾಡುವ ನಟಿಯಾಗಿ ಪ್ರವೇಶಿಸಿದರು. ಆ ಕಾಲದಲ್ಲಿ ನಟನೆ ಮತ್ತು ಗಾಯನ ಒಂದೇ ದೇಹದಲ್ಲಿ ಇರಬೇಕಾಗಿತ್ತು. ಕಂಪನಿ ನಾಟಕದ ನಿಯಮವನ್ನೇ ಮಾತನಾಡುವ ಚಿತ್ರವೂ ಆರಂಭದಲ್ಲಿ ಪಾಲಿಸಿತು. ೧೯೪೦ರಲ್ಲಿ ಬಂದ ವಿಜಯ ಭಟ್ಟರ ‘ನರಸಿ ಭಗತ್’ ಚಿತ್ರದಲ್ಲಿ ವಿಷ್ಣುಪಂತ ಪಗನೀಸರೊಂದಿಗೆ ಅವರು ನಟಿಸಿದರು. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿ ಮೆಹತಾರ ಪ್ರಸಿದ್ಧ ಭಜನೆ ಈ ಚಿತ್ರದ ಮೂಲಕ ಅಮೀರಬಾಯಿಯವರ ಕಂಠದಲ್ಲಿಯೂ ಜನಪ್ರಿಯವಾಯಿತು. ಕನ್ನಡ ಮನೆಮಾತಿನ ಮುಸ್ಲಿಂ ಕಲಾವಿದೆಯೊಬ್ಬಳು ಗುಜರಾತಿ ವೈಷ್ಣವ ಕವಿಯ ರಚನೆಯನ್ನು ಹಿಂದಿ ಚಿತ್ರದಲ್ಲಿ ಹಾಡಿ ಅದು ದೇಶದ ಪ್ರಾರ್ಥನೆಯ ಭಾಗವಾದ ಈ ಪ್ರಸಂಗ, ಪಾರಿಜಾತ ಮತ್ತು ಭಜನೆಗಳ ಸೀಮೆಯಿಂದ ಬಂದವರಿಗೆ ಅಸಹಜವೆನಿಸದು. ಬೀಳಗಿಯ ಸುತ್ತಲಿನ ಊರುಗಳಲ್ಲಿ ಮೊಹರಂ ಪದಗಳನ್ನು ಎಲ್ಲ ಜಾತಿಯವರೂ ಹಾಡುತ್ತಾರೆ. ತತ್ವಪದಗಳ ಮೇಳದಲ್ಲಿ ಧರ್ಮದ ಗಡಿ ತೆಳುವಾಗುತ್ತದೆ. ಆ ಸಂಸ್ಕಾರ ಮುಂಬಯಿಯಲ್ಲಿ ಅವರ ನೆರವಿಗೆ ಬಂದಿತೆನ್ನಬಹುದು.

೧೯೪೩ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಿಡುಗಡೆಯಾಯಿತು. ಗ್ಯಾನ್ ಮುಖರ್ಜಿ ನಿರ್ದೇಶನ, ಕವಿ ಪ್ರದೀಪರ ಸಾಹಿತ್ಯ, ಅನಿಲ್ ಬಿಸ್ವಾಸರ ಸಂಗೀತ, ಅಶೋಕ್ ಕುಮಾರರ ನಾಯಕತ್ವದ ಈ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಇದರಲ್ಲಿ ನಾಯಕಿ ಮುಮ್ತಾಜ್ ಶಾಂತಿಗೆ ಕಂಠದಾನ ಮಾಡಿದವರು ಅಮೀರಬಾಯಿ. ಕ್ವಿಟ್ ಇಂಡಿಯಾ ಚಳುವಳಿಯ ಮರುವರ್ಷ ಬಂದ ಈ ಚಿತ್ರದಲ್ಲಿ ಪರಕೀಯರನ್ನು ದೂರ ಸರಿಯುವಂತೆ ಹೇಳುವ ಒಂದು ಹಾಡಿದೆ. ಜರ್ಮನಿ, ಜಪಾನುಗಳ ಹೆಸರನ್ನು ಮುಂದಿಟ್ಟು ಅದು ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿಸಿತು. ಪ್ರೇಕ್ಷಕರು ಮಾತ್ರ ಅದರ ಗುರಿಯನ್ನು ಸರಿಯಾಗಿಯೇ ಗ್ರಹಿಸಿದರು. ಆ ಹಾಡಿನ ಮುಖ್ಯ ಕಂಠಗಳಲ್ಲಿ ಅಮೀರಬಾಯಿಯವರದೂ ಒಂದು. ಮರುವರ್ಷ ನೌಷಾದರ ಸಂಗೀತವಿದ್ದ ‘ರತನ್’ ಚಿತ್ರದಲ್ಲಿಯೂ ಅವರು ಹಾಡಿದರು. ೧೯೪೮ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನೀಡಿದರು. ಸ್ತ್ರೀಯೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಅಂದಿನ ಹಿಂದಿ ಚಿತ್ರರಂಗದಲ್ಲಿ ಅತ್ಯಂತ ವಿರಳವಾಗಿತ್ತು. ಹಿಂದಿಯ ಜೊತೆಗೆ ಕನ್ನಡ, ಗುಜರಾತಿ ಭಾಷೆಗಳಲ್ಲಿಯೂ ಅವರು ಹಾಡಿದರು. ‘ಕನ್ನಡ ಕೋಗಿಲೆ’ ಎಂಬ ಬಿರುದು ಅವರ ಹೆಸರಿನೊಡನೆ ಸೇರಿಕೊಂಡಿತು.

೧೯೪೯ರ ಹೊತ್ತಿಗೆ ಚಿತ್ರಸಂಗೀತದ ಅಭಿರುಚಿ ಬದಲಾಯಿತು. ‘ಮಹಲ್’, ‘ಬರ್ಸಾತ್’ ಚಿತ್ರಗಳ ಮೂಲಕ ಲತಾ ಮಂಗೇಶ್ಕರರ ತೆಳುವಾದ ಎತ್ತರದ ಸ್ವರ ಮಾದರಿಯಾದಾಗ, ಬೈಠಕ್ ಮತ್ತು ರಂಗಮಂಚಗಳ ತುಂಬುಕಂಠದ ಗಾಯಕಿಯರು ಹಿಂದೆ ಸರಿಯಬೇಕಾಯಿತು. ಇದು ಒಬ್ಬ ಗಾಯಕಿಯ ಏಳುಬೀಳಿನ ಪ್ರಶ್ನೆಯಲ್ಲ. ನಟನೆ ಮತ್ತು ಗಾಯನ ಬೇರೆ ಬೇರೆ ವೃತ್ತಿಗಳಾಗಿ ಒಡೆದಾಗ, ಎರಡನ್ನೂ ಒಟ್ಟಿಗೆ ಬಲ್ಲ ಕಂಪನಿ ಪರಂಪರೆಯ ಕಲಾವಿದೆಯರೆಲ್ಲರೂ ನೆಲೆ ಕಳೆದುಕೊಂಡರು. ಅಮೀರಬಾಯಿ ತಮ್ಮ ಕೊನೆಯ ವರ್ಷಗಳಲ್ಲಿ ಪೋಷಕ ಪಾತ್ರಗಳಲ್ಲಿ ನಟಿಸಿ ವೃತ್ತಿಯನ್ನು ಮುಂದುವರಿಸಿದರು.

೫. ಹೆಸರನ್ನು ಬಿಟ್ಟವರು, ಹೆಸರನ್ನು ಹೊತ್ತವರು

ಅಮೀರಬಾಯಿಯವರ ಹೆಸರಿನ ವಿಶೇಷತೆ ಸ್ಪಷ್ಟವಾಗುವುದು ಸಮಕಾಲೀನರೊಡನೆ ಹೋಲಿಸಿದಾಗ. ೧೯೪೪ರಲ್ಲಿ ಮಹಮ್ಮದ್ ಯೂಸುಫ್ ಖಾನ್ ‘ದಿಲೀಪ್ ಕುಮಾರ್’ ಆದರು. ಮುಮ್ತಾಜ್ ಜಹಾನ್ ‘ಮಧುಬಾಲಾ’ ಆದರು. ಮಹಜಬೀನ್ ಬಾನು ‘ಮೀನಾಕುಮಾರಿ’ ಆದರು. ಮಾರುಕಟ್ಟೆ ಬೇಡಿದ್ದು ಊರಿಲ್ಲದ, ಧರ್ಮದ ಗುರುತು ಕಾಣದ ಹೆಸರನ್ನು. ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ, ಗಾಯಕಿಯರು ಮಾತ್ರ ಊರನ್ನು ಬಿಡಲಿಲ್ಲ: ಜೊಹ್ರಾಬಾಯಿ ಅಂಬಾಲೆವಾಲಿ, ಅಮೀರಬಾಯಿ ಕರ್ನಾಟಕಿ. ‘ಬಾಯಿ’ ಎಂಬ ಪ್ರತ್ಯಯ ಸಮಾಜದ ಕಣ್ಣಿನಲ್ಲಿ ಅಗೌರವದ ಛಾಯೆ ಪಡೆದಿದ್ದ ಕಾಲದಲ್ಲಿಯೂ ಅವರು ಅದನ್ನು ಉಳಿಸಿಕೊಂಡರು.

ಅಮೆರಿಕದ ಹಾಲಿವುಡ್ಡಿನಲ್ಲಿಯೂ ಇಂಥದೇ ಪ್ರಶ್ನೆ ಎದುರಾಗಿತ್ತು. ಸ್ಪೇನ್ ಮೂಲದ ನರ್ತಕನ ಮಗಳಾದ ಮಾರ್ಗರೀಟಾ ಕಾರ್ಮೆನ್ ಕಾನ್ಸಿನೊ ‘ರೀಟಾ ಹೇವರ್ತ್’ ಆಗಬೇಕಾದರೆ ಹೆಸರಿನ ಜೊತೆಗೆ ಹಣೆಯ ಕೂದಲಿನ ಅಂಚನ್ನೂ ಬದಲಿಸಿಕೊಳ್ಳಬೇಕಾಯಿತು. ಪೋರ್ಟೊ ರಿಕೊದಲ್ಲಿ ೧೯೩೧ರಲ್ಲಿ ಜನಿಸಿದ ರೋಸಾ ಡೊಲೋರೆಸ್ ಅಲ್ವೆರಿಯೊ ‘ರೀಟಾ ಮೊರೆನೊ’ ಎಂಬ ಹೆಸರಿನಲ್ಲಿ ನಟಿಯಾದರು. ೧೯೬೧ರ ‘ವೆಸ್ಟ್ ಸೈಡ್ ಸ್ಟೋರಿ’ ಚಿತ್ರದ ಅನಿತಾ ಪಾತ್ರಕ್ಕೆ ಆಸ್ಕರ್ ಪಡೆದರು. ತಮ್ಮದೇ ಜನಾಂಗದ ಆ ಪಾತ್ರಕ್ಕೂ ಮೈಬಣ್ಣವನ್ನು ಗಾಢಗೊಳಿಸುವ ಲೇಪವನ್ನು ಹಚ್ಚಿಕೊಳ್ಳಬೇಕಾಗಿ ಬಂದುದನ್ನು ಅವರು ಮುಂದೆ ಹೇಳಿಕೊಂಡರು. ಒಬ್ಬರಿಂದ ಮೂಲವನ್ನು ಅಳಿಸುವುದು, ಮತ್ತೊಬ್ಬರಲ್ಲಿ ಮೂಲವನ್ನು ಉತ್ಪ್ರೇಕ್ಷಿಸುವುದು – ಇವೆರಡೂ ಒಂದೇ ಯಜಮಾನಿಕೆಯ ಎರಡು ಬಗೆಗಳು. ಎರಡರಲ್ಲಿಯೂ ಕಲಾವಿದೆಯ ಪರಂಪರೆ ಆಕೆಯ ಕೈಯಲ್ಲಿ ಉಳಿಯುವುದಿಲ್ಲ. ‘ಕರ್ನಾಟಕಿ’ ಎಂಬ ಹೆಸರು ಅಳಿಸುವಿಕೆಗೂ ಉತ್ಪ್ರೇಕ್ಷೆಗೂ ಒಳಗಾಗದೆ, ಹಾಡುವ ಮನೆತನದ ವಾಡಿಕೆಯಂತೆ ಉಳಿದುಬಂದಿತೆಂಬುದು ಈ ಹೋಲಿಕೆಯಿಂದ ತಿಳಿದುಬರುತ್ತದೆ.

೬. ಋಣ: ಎರಡು ಕಟ್ಟಡಗಳು

ಹುಟ್ಟಿದ ನೆಲಕ್ಕೆ ಕಲಾವಿದರು ಏನನ್ನು ಮರಳಿಸಿದರು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದಾನ, ದತ್ತಿ, ಶಾಲೆ, ಛತ್ರಗಳ ಪಟ್ಟಿಯನ್ನು ಉತ್ತರವಾಗಿ ಕೊಡಲಾಗುತ್ತದೆ. ಈ ಕಲ್ಪನೆಯನ್ನು ವಿಜಯಪುರ ನಗರದ ಎರಡು ಕಟ್ಟಡಗಳ ಹಿನ್ನೆಲೆಯಲ್ಲಿ ಪರೀಕ್ಷಿಸಬಹುದು. ಒಂದು, ಕಂದಗಲ್ ಹನುಮಂತರಾಯ ರಂಗಮಂದಿರ. ಇನ್ನೊಂದು, ಅಮೀರಬಾಯಿಯವರ ಹೆಸರಿನಲ್ಲಿ ಅವರ ಕುಟುಂಬದವರು ನಡೆಸಿದ ಅಮೀರ್ ಟಾಕೀಸ್. ಇಬ್ಬರು ಕಲಾವಿದರೂ ಒಂದೇ ಹಳೆಯ ಜಿಲ್ಲೆಯವರು, ಬಹುಮಟ್ಟಿಗೆ ಒಂದೇ ತಲೆಮಾರಿನವರು. ಒಬ್ಬರು ೧೯೬೫ರಲ್ಲಿ, ಇನ್ನೊಬ್ಬರು ೧೯೬೬ರಲ್ಲಿ ತೀರಿಕೊಂಡರು. ಒಬ್ಬರ ಹೆಸರನ್ನು ಸಾರ್ವಜನಿಕ ಕಟ್ಟಡಕ್ಕೆ ಇಟ್ಟು ಸಮಾಜ ತನ್ನ ಋಣವನ್ನು ಒಪ್ಪಿಕೊಂಡಿತು. ಇನ್ನೊಬ್ಬರ ಹೆಸರು ಊರಿನಲ್ಲಿ ಉಳಿದದ್ದು ಕುಟುಂಬವೇ ಅದನ್ನು ಚಿತ್ರಮಂದಿರಕ್ಕೆ ಇಟ್ಟುಕೊಂಡ ಕಾರಣದಿಂದ. ಸ್ಮರಣೆಯ ಭಾರವನ್ನು ಮೊದಲ ಪ್ರಕರಣದಲ್ಲಿ ನಾಡು ಹೊತ್ತರೆ ಎರಡನೆಯ ಪ್ರಕರಣದಲ್ಲಿ ಮನೆಯವರೇ ಹೊರಬೇಕಾಯಿತು.

ಕಂದಗಲ್ಲರಿಗೆ ಸಂದ ಗೌರವ ಅರ್ಹವಾದುದೇ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ನಾಟಕಕಾರನ ಕೊಡುಗೆಯನ್ನು ಗುರುತಿಸಲು ನಮಗೆ ಮಾನದಂಡಗಳಿವೆ, ಕಲಾವಿದೆಯ ಕೊಡುಗೆಯನ್ನು ಗುರುತಿಸಲು ಏಕೆ ಇಲ್ಲ? ನಾಟಕಕಾರನದು ಕೃತಿ, ಅದು ಗ್ರಂಥವಾಗಿ ಉಳಿಯುತ್ತದೆ, ಕನ್ನಡ ವಿಭಾಗಗಳ ಪಠ್ಯವಾಗುತ್ತದೆ. ಕಲಾವಿದೆಯದು ಕಂಠ; ಅದು ಆ ರಾತ್ರಿಯೊಂದಿಗೆ ಮುಗಿಯುತ್ತದೆ, ಅಥವಾ ಧ್ವನಿಮುದ್ರಿಕೆಯಾಗಿ ಸಂಗ್ರಾಹಕರ ಮನೆಯನ್ನು ಸೇರುತ್ತದೆ. ಮೇಲಾಗಿ ಆಕೆ ಹಾಡಿದ್ದು ಹಿಂದಿಯಲ್ಲಿ, ನಟಿಸಿದ್ದು ಮರಾಠಿಯಲ್ಲಿ. ಭಾಷೆಯನ್ನೇ ಘಟಕವಾಗಿ ಉಳ್ಳ ರಂಗಚರಿತ್ರೆ ಆಕೆಯನ್ನು ಗಡಿ ದಾಟಿದಾಕ್ಷಣ ಕೈಬಿಡುತ್ತದೆ. ಅತ್ತ ಮರಾಠಿ ಮತ್ತು ಹಿಂದಿಯ ಚರಿತ್ರೆಗಳು ಆಕೆಯನ್ನು ಹೊರಗಿನಿಂದ ಬಂದವಳೆಂದು ಅಂಚಿಗೆ ಸರಿಸುತ್ತವೆ. ಹೀಗೆ ಎರಡು ಚರಿತ್ರೆಗಳ ನಡುವಣ ಬಿರುಕಿನಲ್ಲಿ ಕಲಾವಿದೆ ಜಾರಿಹೋಗುತ್ತಾಳೆ. ರಹಮತ್ ತರೀಕೆರೆಯವರು ಅಮೀರಬಾಯಿ ಕರ್ನಾಟಕಿಯವರನ್ನು ಕುರಿತು ಕನ್ನಡದಲ್ಲಿ ರಚಿಸಿದ ಗ್ರಂಥ ಈ ಬಿರುಕನ್ನು ಮುಚ್ಚುವ ದಿಕ್ಕಿನಲ್ಲಿ ಮಹತ್ವದ ಪ್ರಯತ್ನ. ಆದರೆ ಒಂದು ಗ್ರಂಥದಿಂದ ಮುಗಿಯುವ ಕೆಲಸ ಇದಲ್ಲ.

ಋಣ ಎಂಬುದು ಒಮ್ಮುಖವಾದ ವ್ಯವಹಾರವೂ ಅಲ್ಲ. ಬನಶಂಕರಿ ಜಾತ್ರೆಯ ಉದಾಹರಣೆ ಇಲ್ಲಿ ಪ್ರಸ್ತುತ. ಅಲ್ಲಿ ಕಂಪನಿಗಳು ಸೀಮೆಗೆ ನಾಟಕವನ್ನು ಕೊಡುತ್ತವೆ. ಸೀಮೆ ಕಂಪನಿಗಳಿಗೆ ವರ್ಷದ ಅನ್ನವನ್ನು ಕೊಡುತ್ತದೆ. ಪ್ರತಿ ವರ್ಷ ಕಲಾವಿದರು ಮರಳಿ ಬರುತ್ತಾರೆಂಬ ನಂಬಿಕೆ ಪ್ರೇಕ್ಷಕರಿಗಿದೆ. ಪ್ರೇಕ್ಷಕರು ಇದ್ದಾರೆಂಬ ನಂಬಿಕೆ ಕಲಾವಿದರಿಗಿದೆ. ದೂರ ಹೋದ ಕಲಾವಿದೆಯರ ವಿಷಯದಲ್ಲಿ ಕಡಿದುಹೋದದ್ದು ಈ ಕೊಡುಕೊಳ್ಳುವಿಕೆ. ಹೆಸರಿನ ಮೂಲಕ ಅವರು ನಾಡನ್ನು ಹೊತ್ತರು. ಹಾಡಿ ಕನ್ನಡ ಧ್ವನಿಮುದ್ರಿಕೆಗಳನ್ನು ಬಿಟ್ಟುಹೋದರು. ೧೯೬೫ರ ಮಾರ್ಚ್ ೩ರಂದು ನಿಧನರಾದ ಅಮೀರಬಾಯಿ ಮಣ್ಣಾದದ್ದೂ ವಿಜಯಪುರದಲ್ಲಿಯೇ. ಅವರ ಕಡೆಯಿಂದ ಸಲ್ಲಬೇಕಾದದ್ದು ಸಂದಿದೆ. ಬಾಕಿ ಉಳಿದಿರುವುದು ಈ ಕಡೆಯ ಲೆಕ್ಕ.

೭. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ಕಲಾವಿದೆಯರ ಹೆಸರನ್ನು ರಂಗಚರಿತ್ರೆಯ ಆಕರವಾಗಿ ಪರಿಗಣಿಸಬೇಕಾಗಿದೆ. ಗುಳೇದಗುಡ್ಡ, ಇಳಕಲ್, ಕರ್ನಾಟಕಿ ಎಂಬ ಮನೆಹೆಸರುಗಳು ಮಾತೃಪರಂಪರೆಯ, ವಲಸೆಯ ಹಾಗೂ ಮಾರುಕಟ್ಟೆಯ ಚರಿತ್ರೆಯನ್ನು ಏಕಕಾಲಕ್ಕೆ ಹೇಳುತ್ತವೆ. ಎರಡನೆಯದಾಗಿ, ‘ಕರ್ನಾಟಕ’ ಎಂಬ ಹೆಸರಿನ ಪ್ರಸಾರದಲ್ಲಿ ಜನಪ್ರಿಯ ಮಾಧ್ಯಮಗಳ ಹಾಗೂ ಅಲ್ಲಿ ದುಡಿದ ಸ್ತ್ರೀಯರ ಪಾತ್ರವನ್ನು ಏಕೀಕರಣದ ಅಧ್ಯಯನಗಳು ಒಳಗೊಳ್ಳಬೇಕಾಗಿದೆ. ಮೂರನೆಯದಾಗಿ, ಭಾಷೆಯನ್ನು ಮಾತ್ರ ಘಟಕವಾಗಿ ಇಟ್ಟುಕೊಂಡ ರಂಗಚರಿತ್ರೆಗೆ ಪೂರಕವಾಗಿ ಸೀಮೆಯನ್ನು ಘಟಕವಾಗಿ ಇಟ್ಟುಕೊಂಡ ಚರಿತ್ರೆ ಬೇಕಾಗಿದೆ. ಆಗ ಸೂಳೇಬಾವಿಯ ನಾಟಕಕಾರ, ಬನಶಂಕರಿಯ ತಂಬು, ಬೀಳಗಿಯಿಂದ ಮುಂಬಯಿಗೆ ಹೋದ ಗಾಯಕಿ ಒಂದೇ ಕಥನದ ಭಾಗಗಳಾಗುತ್ತಾರೆ.

ಈ ಕೆಲಸಕ್ಕೆ ಕಾಲಾವಕಾಶ ಕಡಿಮೆ. ಎಪ್ಪತ್ತು, ಎಂಬತ್ತು ವರ್ಷಗಳ ಹಿಂದಿನ ಅರಗಿನ ಧ್ವನಿಮುದ್ರಿಕೆಗಳು ಒಡೆಯುತ್ತಿವೆ, ಸವೆಯುತ್ತಿವೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ ಜನ ನವನಗರಕ್ಕೆ ಹೋದಾಗ, ನಾಟಕದ ನೆನಪುಗಳಿಗೆ ಆಧಾರವಾಗಿದ್ದ ಎಷ್ಟೋ ಸ್ಥಳಗಳೂ ಇಲ್ಲವಾದವು. ಉಳಿದಿರುವ ಧ್ವನಿಮುದ್ರಿಕೆ, ಕರಪತ್ರ, ಛಾಯಾಚಿತ್ರಗಳನ್ನು ಹಾಗೂ ಹಿರಿಯ ಕಲಾವಿದೆಯರ ಮೌಖಿಕ ನಿರೂಪಣೆಗಳನ್ನು ಬಾದಾಮಿ, ಹುನಗುಂದ, ಇಳಕಲ್, ಬೀಳಗಿ, ಗುಳೇದಗುಡ್ಡಗಳಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸುವ ಹೊಣೆ ಕನ್ನಡ ವಿಭಾಗಗಳ ಮೇಲಿದೆ. ರಾಜ್ಯಕ್ಕೆ ಆ ಹೆಸರು ದೊರೆಯುವ ಮೊದಲೇ ಅದನ್ನು ತಮ್ಮ ಹೆಸರಾಗಿ ಹೊತ್ತವರಿಗೆ ಆ ರಾಜ್ಯದ ವಿದ್ವತ್ತು ಸಲ್ಲಿಸಬೇಕಾದ ಕನಿಷ್ಠ ಋಣವಿದು.